ಪಾರ್ಲರ್‌ನಲ್ಲಿ ಕೂದಲು ಕೆಟ್ಟರೆ ಏನು ಮಾಡಬೇಕು? ಮೈಸೂರು, ಮಂಡ್ಯದವರಿಗೆ ಸಮಗ್ರ ಮಾರ್ಗದರ್ಶಿ

ಕನ್ನಡಿ ಮುಂದೆ ಕೂತಿರುತ್ತೇವೆ. ಕೂದಲು ಹೇಳಿದ್ದಕ್ಕಿಂತ ಗಿಡ್ಡ ಆಗಿದೆ ಅಂತ ಕಾಣುತ್ತಲೇ ಇರುತ್ತದೆ. ಹಿಂದಿನಿಂದ ಇನ್ನೊಂದು ಕನ್ನಡಿ ಹಿಡಿದು "ಓಕೆನಾ ಮೇಡಂ?" ಅಂತ ಕೇಳುತ್ತಾರೆ. ನಾವು "ಹ್ಞೂಂ, ಚೆನ್ನಾಗಿದೆ" ಅನ್ನುತ್ತೇವೆ. ದುಡ್ಡು ಕೊಟ್ಟು ಮನೆಗೆ ಬಂದು ಅಳುತ್ತೇವೆ. ನಮ್ಮ ಕಡೆಯವರಿಗೆ ದಾಕ್ಷಿಣ್ಯ ಜಾಸ್ತಿ. ಎದುರಿಗಿರುವವರ ಮನಸ್ಸು ನೋಯಬಾರದು ಅನ್ನುವುದು ಒಳ್ಳೆಯ ಗುಣವೇ. ಆದರೆ ಆ ಗುಣದಿಂದಲೇ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳು ತಿಂಗಳುಗಟ್ಟಲೆ ತಲೆಗೆ ದುಪಟ್ಟಾ, ಟೋಪಿ ಹಾಕಿಕೊಂಡು ಓಡಾಡಿದ್ದನ್ನು ನೋಡಿದ್ದೇನೆ.

ಕೂದಲು ಕೆಡುವ ಪ್ರಸಂಗಗಳಲ್ಲಿ ಬಹುಪಾಲು ಕತ್ತರಿ ಮುಟ್ಟುವ ಮೊದಲೇ ಶುರುವಾಗಿರುತ್ತವೆ. ನಾವು ಸರಿಯಾಗಿ ಹೇಳಿರುವುದಿಲ್ಲ, ಅವರು ಸರಿಯಾಗಿ ಕೇಳಿರುವುದಿಲ್ಲ. ಕೆಟ್ಟ ಮೇಲೂ ಸರಿಪಡಿಸಲು ದಾರಿ ಇದೆ, ಆದರೆ ಬಾಯಿ ಬಿಟ್ಟು ಹೇಳಬೇಕು. ಅದಕ್ಕೇ ಇಲ್ಲಿ ಪಾರ್ಲರ್‌ಗೆ ಹೋಗುವ ಮೊದಲಿನಿಂದ ದೂರು ಕೊಡುವ ತನಕ ಎಲ್ಲವನ್ನೂ ಬರೆದಿದ್ದೇನೆ. ಈಗಾಗಲೇ ಕೂದಲು ಕೆಟ್ಟಿದ್ದರೆ ನೇರವಾಗಿ ಏಳನೇ ಹಂತಕ್ಕೆ ಹೋಗಿ.

ಹಂತ 1: ದಿನ ನೋಡಿ, ಕೈ ನೋಡಿ

ಮಂಗಳವಾರ ನಮ್ಮ ಕಡೆ ಕಟಿಂಗ್ ಶಾಪ್‌ಗಳಿಗೆ ರಜೆ. ಶುಕ್ರವಾರ ಕೂದಲು ಕತ್ತರಿಸಬಾರದು ಅನ್ನುವ ಮನೆಗಳು ಬೇಕಾದಷ್ಟಿವೆ. ಶನಿವಾರವೂ ಬೇಡ ಅನ್ನುವವರಿದ್ದಾರೆ. ಹಾಗಾಗಿ ಎಲ್ಲರೂ ಭಾನುವಾರ ಬೆಳಿಗ್ಗೆ ಮುಗಿಬೀಳುತ್ತಾರೆ. ಐದು ಜನ ಬೆಂಚಿನ ಮೇಲೆ ಕಾಯುತ್ತಿರುವಾಗ ಎಂಥ ಒಳ್ಳೆ ಕೆಲಸಗಾರನೂ ಅವಸರ ಮಾಡುತ್ತಾನೆ. ಬುಧವಾರ ಅಥವಾ ಗುರುವಾರ ಮಧ್ಯಾಹ್ನ ಹೋಗಿ. ಅದೇ ಕೈ, ಅದೇ ಬೆಲೆ, ಆದರೆ ನಿಮ್ಮ ತಲೆಗೆ ಸಿಗುವ ಸಮಯ ಜಾಸ್ತಿ.

ಆಷಾಢದಲ್ಲಿ ಮದುವೆ ಇಲ್ಲದ್ದರಿಂದ ಬ್ಯೂಟಿ ಪಾರ್ಲರ್‌ಗಳು ಖಾಲಿ ಇರುತ್ತವೆ. ಬರೀ ಕಟಿಂಗ್‌ಗೆ ಅದು ಒಳ್ಳೆಯ ಕಾಲ. ಅರ್ಧ ಬೆಲೆಗೆ ಸ್ಮೂದನಿಂಗ್ ಅನ್ನುವ ಬೋರ್ಡ್ ಕಂಡರೆ ಮಾತ್ರ ಯಾವ ಕಂಪನಿಯ ಕ್ರೀಮ್, ಎಕ್ಸ್‌ಪೈರಿ ದಿನಾಂಕ ಯಾವುದು ಅಂತ ಡಬ್ಬ ತರಿಸಿ ನೋಡಿ.

ಮನೆಯಲ್ಲಿ ಮದುವೆ, ಆರತಕ್ಷತೆ, ರಂಗಪ್ರವೇಶ ಏನಾದರೂ ಇದ್ದರೆ ಹಿಂದಿನ ದಿನ ಹೊಸ ಸ್ಟೈಲ್ ಮಾಡಿಸಬೇಡಿ. ಕಟಿಂಗ್ ಆದರೆ ಮೂರು ವಾರ ಮೊದಲು, ಬಣ್ಣ ಆದರೆ ಇನ್ನೂ ಮೊದಲು. ಮೊಗ್ಗಿನ ಜಡೆ ಹಾಕಿಸಿಕೊಳ್ಳುವ ಮದುಮಗಳು, ಭರತನಾಟ್ಯ ಮಾಡುವ ಹುಡುಗಿ ಲೇಯರ್ ಕಟ್, ಸ್ಟೆಪ್ ಕಟ್ ಕಡೆ ಹೋಗದೇ ಇರುವುದು ಕ್ಷೇಮ. ಲೇಯರ್ ಕೂದಲನ್ನು ಜಡೆ ಹೆಣೆದರೆ ಉದ್ದಕ್ಕೂ ಗಿಡ್ಡ ತುದಿಗಳು ಹೊರಗೆ ಚಾಚಿಕೊಳ್ಳುತ್ತವೆ. ಪಿನ್ನು, ಸ್ಪ್ರೇ ಎಷ್ಟು ಹಾಕಿದರೂ ಮಂಟಪದಲ್ಲಿ ಎರಡು ಗಂಟೆ ಕೂರುವಷ್ಟರಲ್ಲಿ ಅವು ಮತ್ತೆ ಏಳುತ್ತವೆ.

ಎಲ್ಲಿಗೆ ಹೋಗಬೇಕು? ದೇವರಾಜ ಅರಸು ರಸ್ತೆಯ ದೊಡ್ಡ ಎಸಿ ಸಲೂನ್ ಇರಲಿ, ಕುವೆಂಪುನಗರದ ಯಾರದೋ ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ಪಾರ್ಲರ್ ಇರಲಿ, ಮಂಡ್ಯದ ವಿ.ವಿ. ರಸ್ತೆಯ ಅಂಗಡಿ ಇರಲಿ, ಬೋರ್ಡ್ ನಂಬಬೇಡಿ, ಕೈ ನಂಬಿ. ದೊಡ್ಡ ಸಲೂನ್‌ಗಳಲ್ಲಿ ಕೆಲಸದವರು ಬೇಗ ಬೇಗ ಬದಲಾಗುತ್ತಾರೆ. ಹೋದ ಸಲ ಚೆನ್ನಾಗಿ ಮಾಡಿದವರು ಈ ಸಲ ಅಲ್ಲಿ ಇಲ್ಲದಿರಬಹುದು. ಫೋನ್ ಮಾಡಿ "ನನ್ನ ಕೂದಲು ಯಾರು ಕಟ್ ಮಾಡ್ತಾರೆ?" ಅಂತ ಹೆಸರು ಹಿಡಿದು ಕೇಳಿ. ಹೊಸ ಜಾಗವಾದರೆ ಮೊದಲ ಸಲ ಬರೀ ತುದಿ ಟ್ರಿಮ್ ಮಾಡಿಸಿ. ಕಾಯುವಾಗ ಅವರು ಬೇರೆಯವರ ತಲೆಯ ಮೇಲೆ ಕೆಲಸ ಮಾಡುವುದನ್ನು ನೋಡಿ. ಎಡಕ್ಕೂ ಬಲಕ್ಕೂ ಅಳತೆ ಹೋಲಿಸಿ ನೋಡುತ್ತಿದ್ದಾರಾ? ಗಿರಾಕಿ ಮಾತನಾಡಿದಾಗ ಕೈ ನಿಲ್ಲಿಸಿ ಕೇಳುತ್ತಾರಾ? ಇಷ್ಟು ಸಾಕು.

ಹಂತ 2: ಕೂದಲಿನ ಹಳೇ ಕಥೆ ಮುಚ್ಚಿಡಬೇಡಿ

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಸ್ವಲ್ಪ ಹೆಚ್ಚೆಂದರೆ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಭುಜ ದಾಟಿದ ಕೂದಲಿನ ತುದಿಗೆ ಎರಡು ವರ್ಷಕ್ಕಿಂತ ಜಾಸ್ತಿ ವಯಸ್ಸು. ಸೊಂಟದ ತನಕ ಇದ್ದರೆ ಇನ್ನೂ ಹಳೆಯದು. ಮೂರು ವರ್ಷದ ಹಿಂದೆ ಹಾಕಿದ್ದ ಬಣ್ಣ, ಆಗ ಮಾಡಿಸಿದ್ದ ಸ್ಮೂದನಿಂಗ್ ಆ ತುದಿಯಲ್ಲಿ ಈಗಲೂ ಇದೆ. ಕಣ್ಣಿಗೆ ಕಾಣದೇ ಇರಬಹುದು. ಹೊಸ ಕೆಮಿಕಲ್ ಬಿದ್ದಾಗ ಮಾತ್ರ ಗೊತ್ತಾಗುತ್ತದೆ.

ಇವನ್ನು ತಪ್ಪದೇ ಹೇಳಿ: ಮೆಹಂದಿ ಹಾಕುತ್ತೀರಾ, ಕಪ್ಪು ಮೆಹಂದಿಯಾ, ಅಂಗಡಿಯ ಸ್ಯಾಶೆ ಡೈ ಹಾಕುತ್ತೀರಾ, ಸ್ಟ್ರೈಟನಿಂಗ್ ಆಗಿದೆಯಾ. ಇತ್ತೀಚೆಗೆ ಹೆರಿಗೆ ಆಗಿದ್ದರೆ, ದೊಡ್ಡ ಜ್ವರ ಬಂದಿದ್ದರೆ, ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಹೆರಿಗೆ ಅಥವಾ ಜ್ವರದ ಎರಡು ಮೂರು ತಿಂಗಳ ನಂತರ ಕೂದಲು ಜಾಸ್ತಿ ಉದುರುವುದು ಸಾಮಾನ್ಯ. ಆ ಹೊತ್ತಲ್ಲಿ ಕೆಮಿಕಲ್ ಹಾಕಿಸಿದರೆ ಉದುರಿದ್ದು ಯಾವುದರಿಂದ ಅಂತ ಆಮೇಲೆ ಯಾರಿಗೂ ಹೇಳಲು ಆಗುವುದಿಲ್ಲ.

ಮನೆಯ ನೀರಿನ ವಿಷಯವೂ ಇದೆ. ಕಾವೇರಿ, ಕಬಿನಿ ನೀರು ಬರುವ ಬಡಾವಣೆ ಬೇರೆ, ಬೋರ್‌ವೆಲ್ ನೀರೇ ಗತಿ ಅನ್ನುವ ಹೊರವಲಯದ ಲೇಔಟ್ ಬೇರೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಅದು ಕೂದಲಿನ ಮೇಲೆ ಕೂತು ಒರಟು ಮಾಡುತ್ತದೆ, ಬಣ್ಣ ಮಂಕಾಗುತ್ತದೆ. ಪಾರ್ಲರ್‌ನಲ್ಲಿ ಹೊಳೆಯುತ್ತಿದ್ದ ಕೂದಲು ಮನೆಯಲ್ಲಿ ಎರಡು ಸಲ ತೊಳೆದಾಗ ಹುಲ್ಲಿನ ಹಾಗೆ ಆದರೆ ಪಾರ್ಲರ್‌ನವರನ್ನು ಬೈಯುವ ಮೊದಲು ನಲ್ಲಿ ನೀರಿನಲ್ಲಿ ಸೋಪು ನೊರೆ ಬರುತ್ತದಾ ನೋಡಿ.

ಹಂತ 3: ಕೂರುವ ಮೊದಲು ಅಳತೆ, ಫೋಟೋ, ಬೆಲೆ

"ಸ್ವಲ್ಪ ಕಟ್ ಮಾಡಿ" ಅಂತ ಹೇಳಿ ಕೂರಬೇಡಿ. ನಿಮ್ಮ ಸ್ವಲ್ಪ ಒಂದು ಇಂಚು, ಅವರ ಸ್ವಲ್ಪ ನಾಲ್ಕು ಇಂಚು ಇರಬಹುದು. ಕೂದಲನ್ನು ಮುಂದಕ್ಕೆ ತಂದು ಬೆರಳಿಟ್ಟು ತೋರಿಸಿ. "ಅಕ್ಕ, ಇಲ್ಲಿಗಿಂತ ಮೇಲೆ ಬೇಡ. ಒಣಗಿದ ಮೇಲೆ ಇಲ್ಲಿಗೆ ಬರಬೇಕು." ಒಣಗಿದ ಮೇಲೆ ಅನ್ನುವುದನ್ನು ಒತ್ತಿ ಹೇಳಿ. ಒದ್ದೆ ಕೂದಲು ಉದ್ದ ಕಾಣುತ್ತದೆ, ಒಣಗಿದಾಗ ಮೇಲೆ ಹೋಗುತ್ತದೆ. ಗುಂಗುರು ಕೂದಲಾದರೆ ಇನ್ನೂ ಜಾಸ್ತಿ. ನನ್ನ ಚಿಕ್ಕಮ್ಮನ ಮಗಳಿಗೆ ಒಳ್ಳೆ ಗುಂಗುರು ಕೂದಲು. ಭುಜದ ತನಕ ಇರಲಿ ಅಂತ ಹೇಳಿ ಒದ್ದೆಯಲ್ಲಿ ಕಟ್ ಮಾಡಿಸಿದಳು. ಒಣಗುವ ಹೊತ್ತಿಗೆ ಕಿವಿ ಹತ್ತಿರ ಬಂತು. ಪಾರ್ಲರ್‌ನವರು ಹೇಳಿದ ಅಳತೆಗೇ ಕತ್ತರಿಸಿದ್ದರು, ಆದರೆ ಒಣಗಿದರೆ ಎಷ್ಟು ಮೇಲೆ ಹೋಗುತ್ತದೆ ಅನ್ನುವ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಗುಂಗುರು ಕೂದಲಿನವರು, ಹಣೆ ಮೇಲೆ ಫ್ರಿಂಜ್ ಬಿಡಿಸುವವರು ಒಣ ಕೂದಲನ್ನೇ ಕತ್ತರಿಸಿ ಅಂತ ಕೇಳಬಹುದು. ಅದು ಅತಿಯಾದ ಬೇಡಿಕೆ ಏನಲ್ಲ.

ಫೋಟೋ ತೋರಿಸುವುದು ಒಳ್ಳೆಯದು, ಆದರೆ ನಟಿಯರ ಫೋಟೋ ಬೇಡ. ಅದು ಸ್ಟೈಲ್ ಮಾಡಿ, ಲೈಟ್ ಹಾಕಿ ತೆಗೆದ ಚಿತ್ರ. ನಿಮ್ಮ ಥರದ್ದೇ ಕೂದಲಿನವರ ಚಿತ್ರ ಹುಡುಕಿ. ಎಲ್ಲಕ್ಕಿಂತ ಒಳ್ಳೆಯದು, ನಿಮ್ಮದೇ ಕೂದಲು ಚೆನ್ನಾಗಿದ್ದ ದಿನದ ಫೋಟೋ. ಮುಂದೆ, ಹಿಂದೆ, ಪಕ್ಕದಿಂದ ಮೂರು ಇಟ್ಟುಕೊಳ್ಳಿ. ಬೇಡವಾದ ಕಟ್‌ನ ಫೋಟೋ ಒಂದು ಇದ್ದರೆ ಇನ್ನೂ ಸಲೀಸು. "ಹೀಗೆ ಆಗಬಾರದು" ಅಂದರೆ ಬೇಗ ಅರ್ಥ ಆಗುತ್ತದೆ.

ನೆತ್ತಿಯ ಸುಳಿ ಎಲ್ಲಿದೆ, ಬೈತಲೆ ಯಾವ ಕಡೆ ತೆಗೆಯುತ್ತೀರಿ, ದಿನಾ ಜುಟ್ಟು ಕಟ್ಟುತ್ತೀರಾ, ಹೆಲ್ಮೆಟ್ ಹಾಕುತ್ತೀರಾ, ಇವನ್ನೂ ಹೇಳಿ. ಹಣೆಯ ಮೇಲೆ ಸುಳಿ ಇರುವವರಿಗೆ ಗಿಡ್ಡ ಫ್ರಿಂಜ್ ನಿಲ್ಲುವುದಿಲ್ಲ.

ಗಂಡಸರಿಗೆ ಒಂದು ಮಾತು. ಮೆಷಿನ್ ನಂಬರ್ ಹೇಳುವಾಗ ಜೋಪಾನ. ಕ್ಲಿಪ್ಪರ್ ಮೆಷಿನ್‌ನಲ್ಲಿ ಗಾರ್ಡ್ (ಬ್ಲೇಡ್ ಮೇಲೆ ಸಿಕ್ಕಿಸುವ ಬಾಚಣಿಗೆ) ನಂಬರ್ 1 ಅಂದರೆ ಉಳಿಯುವ ಕೂದಲು ಸುಮಾರು 3 ಮಿಲಿಮೀಟರ್, ನಂಬರ್ 2 ಅಂದರೆ 6, ನಂಬರ್ 4 ಅಂದರೆ 13. ಗಡ್ಡದ ಟ್ರಿಮ್ಮರ್‌ಗಳಲ್ಲಿ ಬರೆದಿರುವ ಸಂಖ್ಯೆ ಎಷ್ಟೋ ಸಲ ನೇರವಾಗಿ ಮಿಲಿಮೀಟರ್. ಮನೆಯ ಟ್ರಿಮ್ಮರ್‌ನ 3 ಮನಸ್ಸಲ್ಲಿಟ್ಟುಕೊಂಡು ಅಂಗಡಿಯಲ್ಲಿ ನಂಬರ್ 3 ಕೇಳಿದರೆ ಸುಮಾರು 10 ಮಿಲಿಮೀಟರ್ ಉಳಿಯುತ್ತದೆ. ತಲೆಕೆಳಗಾದರೆ ಇನ್ನೂ ಕಷ್ಟ, ಬೋಡಾಗಿ ಮನೆಗೆ ಬರಬೇಕು. "ಅಣ್ಣ, ಮೊದಲು ದೊಡ್ಡ ಗಾರ್ಡ್ ಹಾಕಿ, ಸಾಲದಿದ್ರೆ ಕಮ್ಮಿ ಮಾಡೋಣ" ಅಂತ ಹೇಳಿ. ಬ್ಲೇಡ್ ಹೊಸದನ್ನು ನಿಮ್ಮ ಕಣ್ಣೆದುರೇ ಹಾಕಿಸಿ. ಟವೆಲ್ ಕೊಳೆ ಅನ್ನಿಸಿದರೆ ಬೇರೆ ಕೇಳಿ.

ಬೆಲೆ ಕೊನೆಗೆ ಕೇಳಬೇಡಿ. "ಕಟಿಂಗ್‌ಗೆ ಎಷ್ಟು, ವಾಶ್ ಸೇರಿದೆಯಾ, ಬ್ಲೋ ಡ್ರೈ ಬೇರೆಯಾ, ಉದ್ದ ಕೂದಲಿಗೆ ಜಾಸ್ತಿನಾ?" ನಾಲ್ಕನ್ನೂ ಒಟ್ಟಿಗೆ ಕೇಳಿ. ಮಧ್ಯದಲ್ಲಿ "ಡ್ಯಾಂಡ್ರಫ್ ಇದೆ, ಸ್ಪಾ ಮಾಡಿಬಿಡ್ಲಾ?" ಅಂತ ಕೇಳಿದಾಗ ತಲೆ ಒದ್ದೆಯಾಗಿ ಕೂತವರಿಗೆ ಬೇಡ ಅನ್ನಲು ಆಗುವುದಿಲ್ಲ. "ಇವತ್ತು ಬೇಡ ಅಕ್ಕ" ಅನ್ನುವ ಮೂರು ಪದ ಸಾಕು. ಕಾರಣ ಕೊಡಬೇಕಾಗಿಲ್ಲ.

ಹಂತ 4: ಕತ್ತರಿ ಆಡುವಾಗ ಕಣ್ಣು ಕನ್ನಡಿಯಲ್ಲಿರಲಿ

ಫೋನ್ ಒಳಗಿಡಿ. ಕನ್ನಡಕ ತೆಗೆದರೆ ಕಾಣದವರು ನಡುನಡುವೆ ಹಾಕಿಕೊಂಡು ನೋಡಿ. ಮೊದಲ ಎಳೆ ಬಿದ್ದಾಗ ಅದರ ಉದ್ದ ನೋಡಿ. ಜಾಸ್ತಿ ಅನ್ನಿಸಿದರೆ ಆಗಲೇ ಕೈ ಎತ್ತಿ. "ಅಕ್ಕ, ಒಂದ್ನಿಮಿಷ ನಿಲ್ಲಿಸಿ. ನಾನು ಹೇಳಿದ್ದಕ್ಕಿಂತ ಜಾಸ್ತಿ ಹೋಯ್ತು ಅನ್ಸುತ್ತೆ, ನೋಡೋಣ." ಒಳ್ಳೆ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸಿಡುಕುವವರ ಕೈಗೆ ಉಳಿದ ಕೂದಲು ಕೊಡುವುದೂ ಬೇಡ.

ಹಂತ 5: ಬಣ್ಣ ಹಾಕಿಸುವವರು

ಎಲ್ಲಕ್ಕಿಂತ ಮೊದಲು ಪ್ಯಾಚ್ ಟೆಸ್ಟ್. ಕಪ್ಪು, ಗಾಢ ಕಂದು ಬಣ್ಣದ ಡೈಗಳಲ್ಲಿ ಬಹುಪಾಲು ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಕಪ್ಪು ಮೆಹಂದಿ ಅಂತ ಮಾರುವುದರಲ್ಲೂ ಇರುತ್ತದೆ. ಕೆಲವರಿಗೆ ಅದು ಅಲರ್ಜಿ. ಕಿವಿ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಚುಕ್ಕಿಯಷ್ಟು ಹಚ್ಚಿ 48 ಗಂಟೆ ನೋಡಬೇಕು. ಹತ್ತು ವರ್ಷದಿಂದ ಹಾಕುತ್ತಿದ್ದೇನೆ, ಏನೂ ಆಗಿಲ್ಲ ಅನ್ನುವವರಿಗೂ ಈ ಅಲರ್ಜಿ ಹೊಸದಾಗಿ ಶುರುವಾಗಬಹುದು. ಎರಡು ದಿನ ಮೊದಲೇ ಹೋಗಿ ಚುಕ್ಕಿ ಹಚ್ಚಿಸಿಕೊಂಡು ಬನ್ನಿ. "ಅದೆಲ್ಲ ಬೇಡ ಬಿಡಿ" ಅನ್ನುವ ಪಾರ್ಲರ್‌ನಲ್ಲಿ ಬಣ್ಣ ಹಾಕಿಸಬೇಡಿ.

ನಿರಾಸೆಯಾಗುವ ಇನ್ನೊಂದು ಜಾಗ ತಿಳಿ ಬಣ್ಣ. ಕಪ್ಪು ಡೈ ಹಾಕಿದ ಕೂದಲಿನ ಮೇಲೆ ತಿಳಿ ಕಂದು ಡೈ ಹಾಕಿದರೆ ತಿಳಿ ಆಗುವುದಿಲ್ಲ. ಮೊದಲು ಬ್ಲೀಚ್ ಮಾಡಿ ಹಳೇ ಬಣ್ಣ ತೆಗೆಯಬೇಕು. ಬ್ಲೀಚ್ ಮಾಡಿದಾಗ ನಮ್ಮ ಕಪ್ಪು ಕೂದಲು ಕೆಂಪು, ಕಿತ್ತಳೆ, ಹಳದಿ ಹೀಗೆ ಹಂತ ಹಂತವಾಗಿ ತಿಳಿಯಾಗುತ್ತದೆ. ಒಂದೇ ದಿನದಲ್ಲಿ ಬೂದು ಬಣ್ಣಕ್ಕೆ ತಂದುಕೊಡುತ್ತೇನೆ ಅನ್ನುವವರು ಕೂದಲು ಸುಡುತ್ತಾರೆ. ಡೈ, ಬ್ಲೀಚ್ ಜೊತೆ ಕಲಸುವ ಡೆವಲಪರ್ ಯಾವುದು ಅಂತ ಕೇಳಿ. 20 ವಾಲ್ಯೂಮ್ ಅಂದರೆ ಶೇಕಡ 6 ಹೈಡ್ರೋಜನ್ ಪೆರಾಕ್ಸೈಡ್, 40 ಅಂದರೆ ಶೇಕಡ 12. ಬಿಳಿ ಕೂದಲು ಮುಚ್ಚಲು ಸಾಮಾನ್ಯವಾಗಿ 20 ಸಾಕು. 40 ಅನ್ನು ನೆತ್ತಿಗೆ ತಾಗುವಂತೆ ಹಚ್ಚಲು ಬಿಡಬೇಡಿ.

ಮೆಹಂದಿ ಹಾಕುವವರು ಇನ್ನೂ ಹುಷಾರು. ಶುದ್ಧ ಮೆಹಂದಿ ಕೂದಲಿಗೆ ಬಿಗಿಯಾಗಿ ಹಿಡಿಯುತ್ತದೆ, ಬ್ಲೀಚ್ ಮಾಡಿದರೂ ಅಲ್ಲಲ್ಲಿ ಕಿತ್ತಳೆ ಉಳಿಯುತ್ತದೆ. ಲೋಹದ ಲವಣ ಬೆರೆಸಿದ ಮೆಹಂದಿ ಪುಡಿಯಾದರೆ ಪೆರಾಕ್ಸೈಡ್ ಜೊತೆ ಸೇರಿ ಬಿಸಿಯೇರಿ ಕೂದಲನ್ನು ತುಂಡು ಮಾಡಬಹುದು. ಕತ್ತಿನ ಹಿಂದಿನ ಒಳಪದರದಿಂದ ಸಣ್ಣ ಎಳೆ ಕತ್ತರಿಸಿ ಅದರ ಮೇಲೆ ಮೊದಲು ಪರೀಕ್ಷೆ ಮಾಡಿ ಅಂತ ಕೇಳಿ.

ಹಂತ 6: ಸ್ಮೂದನಿಂಗ್, ಕೆರಾಟಿನ್ ಮಾಡಿಸುವವರು

ಎರಡೂ ಒಂದೇ ಅಲ್ಲ. ಸ್ಮೂದನಿಂಗ್, ರೀಬಾಂಡಿಂಗ್ ಕ್ರೀಮ್ ಕೂದಲಿನ ಒಳಗಿನ ಬಂಧಗಳನ್ನು ಬಿಡಿಸುತ್ತದೆ. ಆಮೇಲೆ ಐರನ್ ಮಾಡಿ, ನ್ಯೂಟ್ರಲೈಸರ್ ಹಾಕಿ ನೇರವಾದ ಆಕಾರದಲ್ಲಿ ಕೂಡಿಸುತ್ತಾರೆ. ಕ್ರೀಮ್ ಹತ್ತು ನಿಮಿಷ ಜಾಸ್ತಿ ಉಳಿದರೂ ಕೂದಲಿನ ಕಥೆ ಮುಗಿದ ಹಾಗೆ. ಆದ್ದರಿಂದ ಕ್ರೀಮ್ ಹಚ್ಚಿದ ಹೊತ್ತನ್ನು ನೀವೇ ಗಡಿಯಾರದಲ್ಲಿ ನೋಡಿಕೊಳ್ಳಿ. ಹಚ್ಚಿ ಬಿಟ್ಟು ಬೇರೆ ಗಿರಾಕಿಯ ಐಬ್ರೋ ಮಾಡಲು ಹೋದರೆ ಕೂಗಿ ಕರೆಯಿರಿ. ಬ್ಲೀಚ್ ಆದ ಕೂದಲಿಗೆ ಇದನ್ನು ಮಾಡಿಸಲೇಬೇಡಿ.

ಕೆರಾಟಿನ್ ಅನ್ನುವ ಹೆಸರಿನಲ್ಲಿ ಮಾಡುವ ಕೆಲವು ಚಿಕಿತ್ಸೆಗಳಲ್ಲಿ ಐರನ್ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ. ಕಣ್ಣು ಉರಿ, ಮೂಗು ಉರಿ, ಕೆಮ್ಮು ಅದರ ಗುರುತು. ಎಸಿಗಾಗಿ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ಇನ್ನೂ ಜಾಸ್ತಿ. ಫಾರ್ಮಾಲ್ಡಿಹೈಡ್ ಇಲ್ಲ ಅಂತ ಬರೆದ ಕೆಲವು ಕ್ರೀಮ್‌ಗಳಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. ಟ್ಯುನೀಶಿಯಾದ ಸಲೂನೊಂದರಲ್ಲಿ ಅಂಥ ಕ್ರೀಮ್ ಮೂರು ಸಲ ಹಾಕಿಸಿಕೊಂಡ 26 ವರ್ಷದ ಹೆಣ್ಣುಮಗಳಿಗೆ ಮೂರು ಸಲವೂ ಕಿಡ್ನಿಗೆ ಪೆಟ್ಟು ಬಿದ್ದಿದ್ದನ್ನು ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ. ಬಸುರಿಯರು, ಹಾಲೂಡಿಸುವವರು, ಕಿಡ್ನಿ ತೊಂದರೆ ಇರುವವರು ಇದರಿಂದ ದೂರ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೇರ ಕೂದಲಿಗಿಂತ ಆರೋಗ್ಯ ದೊಡ್ಡದು ಅಲ್ವಾ? ಬಾಟಲಿಯ ಹಿಂದಿನ ಪಟ್ಟಿಯ ಫೋಟೋ ತೆಗೆದುಕೊಳ್ಳಿ. ಆಮೇಲೆ ಡಾಕ್ಟರಿಗೂ ದೂರಿಗೂ ಅದೇ ಆಧಾರ.

ಹಂತ 7: ಕೆಟ್ಟಿದೆ ಅಂತ ಗೊತ್ತಾದ ತಕ್ಷಣ

ಕುರ್ಚಿಯಿಂದ ಏಳಬೇಡಿ. ದುಡ್ಡೂ ಕೊಡಬೇಡಿ. ಮೊದಲು ಕೂದಲು ಪೂರ್ತಿ ಒಣಗಿಸಲು ಹೇಳಿ, ಒದ್ದೆಯಲ್ಲಿ ಏನೂ ತಿಳಿಯುವುದಿಲ್ಲ. ಒಣಗಿದ ಮೇಲೆ ಎದ್ದು ಬಾಗಿಲ ಹತ್ತಿರ ಹಗಲ ಬೆಳಕಿನಲ್ಲಿ ಬಣ್ಣ ನೋಡಿ, ಪಾರ್ಲರ್ ಲೈಟು ಬಣ್ಣವನ್ನು ಬದಲಾಯಿಸಿ ತೋರಿಸುತ್ತದೆ. ಎರಡೂ ಕಡೆಯ ಕೂದಲನ್ನು ಮುಂದಕ್ಕೆ ಎಳೆದು ಉದ್ದ ಹೋಲಿಸಿ.

ಆಮೇಲೆ ಮೆತ್ತಗೆ, ಆದರೆ ಬಿಡಿಸಿ ಹೇಳಿ. "ಚೆನ್ನಾಗಿಲ್ಲ" ಅಂದರೆ ಜಗಳ ಶುರುವಾಗುತ್ತದೆ. "ಮೇಡಂ, ಬಲಗಡೆ ಎಡಕ್ಕಿಂತ ಒಂದು ಇಂಚು ಗಿಡ್ಡ ಇದೆ. ಇದನ್ನ ಸರಿ ಮಾಡ್ಕೊಡಿ" ಅಂದರೆ ಕೆಲಸ ಆಗುತ್ತದೆ. ಕೆಲಸ ಮಾಡಿದವರು ಹುಡುಗಿಯಾಗಿದ್ದರೆ, ಕಲಿಯುತ್ತಿರುವವಳಾಗಿದ್ದರೆ ಅವಳ ಮೇಲೆ ರೇಗಬೇಡಿ. ಸಂಬಳ ಕಡಿತ ಆಗುವುದು ಅವಳಿಗೇ. ಮಾಲೀಕರನ್ನು ಕರೆಸಿ, ಹಿರಿಯರ ಕೈಯಲ್ಲಿ ಸರಿ ಮಾಡಿಸಿ ಅಂತ ಕೇಳಿ.

ಕಟಿಂಗ್ ಏರುಪೇರನ್ನು ಅಲ್ಲೇ ಸರಿ ಮಾಡಿಸಬಹುದು. ಬಣ್ಣ, ಬ್ಲೀಚ್, ಸ್ಮೂದನಿಂಗ್ ಕೆಟ್ಟಿದ್ದರೆ ಅದೇ ದಿನ ಇನ್ನೊಂದು ಕೆಮಿಕಲ್ ಹಾಕಿಸಬೇಡಿ. ಅವರು ಗಾಬರಿಯಲ್ಲಿ "ಇನ್ನೊಂದ್ಸಲ ಹಾಕ್ಬಿಡ್ತೀವಿ" ಅನ್ನುತ್ತಾರೆ. ಆ ಎರಡನೇ ಸಲದಲ್ಲೇ ಕೂದಲು ತುಂಡಾಗುವುದು. ಫೋಟೋ ತೆಗೆದುಕೊಳ್ಳಿ, ಬಿಲ್ ತೆಗೆದುಕೊಳ್ಳಿ, "ನಾನು ಯೋಚಿಸಿ ಬರ್ತೀನಿ" ಅಂತ ಹೊರಡಿ.

ನೆತ್ತಿ ಉರಿಯುತ್ತಿದ್ದರೆ ಇದ್ಯಾವುದಕ್ಕೂ ಕಾಯಬೇಡಿ. ಕ್ರೀಮ್ ಹಚ್ಚಿರುವಾಗಲೇ ಉರಿ ಬಂದರೆ ಕೂಡಲೇ ತೊಳೆಸಿ. ತಣ್ಣೀರು ಸುಮಾರು 20 ನಿಮಿಷ ಹರಿಯಲಿ. ಎಣ್ಣೆ, ನಿಂಬೆಹಣ್ಣು, ಟೂತ್‌ಪೇಸ್ಟ್ ಏನೂ ಬೇಡ. ಬೊಬ್ಬೆ ಎದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಅಲ್ಲಿ ತೋರಿಸಬಹುದು. ಡೈ ಹಾಕಿದ ಮೇಲೆ ಮುಖ, ಕಣ್ಣುರೆಪ್ಪೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅದು ತುರ್ತು. 108ಕ್ಕೆ ಫೋನ್ ಮಾಡಿ. ಡಾಕ್ಟರ ಚೀಟಿ ಜೋಪಾನವಾಗಿಡಿ.

ಕಟಿಂಗ್ ಆದ ಒಂದೆರಡು ವಾರದಲ್ಲಿ ಉಂಗುರದ ಆಕಾರದಲ್ಲಿ ತುರಿಕೆ ಎದ್ದರೆ ಅದು ಹುಳುಕಡ್ಡಿ ಇರಬಹುದು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಬೇಡಿ. ಎರಡು ದಿನ ಕಮ್ಮಿಯಾದಂತೆ ಕಂಡು ಆಮೇಲೆ ಹರಡುತ್ತದೆ.

ಹಂತ 8: ಮನೆಗೆ ಬಂದ ಮೇಲೆ

ಮನೆಯ ಕತ್ತರಿ ಮುಟ್ಟಬೇಡಿ. ಸಿಟ್ಟಿನಲ್ಲಿ ನಾವೇ ಸರಿ ಮಾಡಲು ಹೋದರೆ ಸರಿಪಡಿಸಲು ಉಳಿಯುವ ಉದ್ದವೂ ಹೋಗುತ್ತದೆ. ಎರಡು ಸಲ ತೊಳೆದು, ನೀವು ದಿನಾ ಬಾಚುವ ಹಾಗೆ ಬಾಚಿ ನೋಡಿ. ಕಟಿಂಗ್ ಒಂದು ವಾರದಲ್ಲಿ ಹೊಂದಿಕೊಂಡಂತೆ ಕಾಣುವುದೂ ಉಂಟು. ಇಲ್ಲವಾದರೆ ವಾರದೊಳಗೆ ಪಾರ್ಲರ್‌ಗೆ ಫೋನ್ ಮಾಡಿ, ಜೊತೆಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ. ಬರಹದಲ್ಲಿ ಇದ್ದರೆ ಆಮೇಲೆ "ನೀವು ಹೇಳ್ಲೇ ಇಲ್ಲ" ಅನ್ನಲು ಆಗುವುದಿಲ್ಲ.

ಕಟಿಂಗ್ ಗಿಡ್ಡ ಆಗಿದ್ದರೆ: ಕಾಯುವುದೇ ಮದ್ದು. ಸಮಾರಂಭ ಇದ್ದರೆ ಚೌರಿ ಇಟ್ಟು ಜಡೆ ಹಾಕಬಹುದು. ನಿಮ್ಮ ಕೂದಲಿನ ಎಳೆ ಹಿಡಿದುಕೊಂಡು ಹೋಗಿ ಬಣ್ಣ ಹೊಂದುವ ಚೌರಿ ಆರಿಸಿ. ಬೈತಲೆ ಪಕ್ಕಕ್ಕೆ ತೆಗೆದರೆ ಮುಂದಲೆಯ ಏರುಪೇರು ಎಷ್ಟೋ ಮುಚ್ಚುತ್ತದೆ. ಬೇಗ ಬೆಳೆಸುವ ಎಣ್ಣೆ ಅಂತ ಯಾರಾದರೂ ಮಾರಿದರೆ ದುಡ್ಡು ಸುರಿಯಬೇಡಿ.

ಬಣ್ಣ ತೀರಾ ಗಾಢವಾಗಿದ್ದರೆ: ಮೊದಲ ಕೆಲವು ದಿನ ಕ್ಲಾರಿಫೈಯಿಂಗ್ ಶಾಂಪೂ (ಕೂದಲ ಮೇಲೆ ಕೂತದ್ದನ್ನು ತೊಳೆದು ತೆಗೆಯುವ ಶಾಂಪೂ) ಹಾಕಿ ತೊಳೆದರೆ ಸ್ವಲ್ಪ ಇಳಿಯುತ್ತದೆ. ಕಿತ್ತಳೆ ಹೊಡೆಯುತ್ತಿದ್ದರೆ ನೀಲಿ ಶಾಂಪೂ, ಹಳದಿ ಹೊಡೆಯುತ್ತಿದ್ದರೆ ನೇರಳೆ ಶಾಂಪೂ. ಅದಲುಬದಲಾದರೆ ಕೆಲಸ ಮಾಡುವುದಿಲ್ಲ.

ಕೂದಲು ಸುಟ್ಟಿದೆಯಾ ಅಂತ ತಿಳಿಯಲು ಒಂದು ಒದ್ದೆ ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ವಾಪಸ್ ಬಂದರೆ ಪರವಾಗಿಲ್ಲ. ಎಳೆದಷ್ಟೂ ಬಂದು ಹಾಗೇ ಉಳಿದರೆ, ತುಂಡಾದರೆ ಒಳಗಿನ ಬಂಧ ಹೋಗಿದೆ. ಸ್ಪಾ, ಮಾಸ್ಕ್ ಯಾವುದೂ ಅದನ್ನು ಮೊದಲಿನಂತೆ ಮಾಡುವುದಿಲ್ಲ, ನಯ ಮಾತ್ರ ಕೊಡುತ್ತದೆ. ಐರನ್, ಬಿಸಿ ಡ್ರೈಯರ್ ನಿಲ್ಲಿಸಿ. ತೊಳೆಯುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ. ಅದು ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಮ್ಮಿ ಮಾಡುತ್ತದೆ. ಸೀಗೆಕಾಯಿ, ಚಿಗರೆಪುಡಿ ಹಾಕಿ ಉಜ್ಜುವುದು ಸದ್ಯಕ್ಕೆ ಬೇಡ, ದುರ್ಬಲ ಕೂದಲು ಆ ಉಜ್ಜಾಟ ತಾಳುವುದಿಲ್ಲ. ಅಗಲ ಹಲ್ಲಿನ ಬಾಚಣಿಗೆ ಬಳಸಿ, ತುದಿಯಿಂದ ಸಿಕ್ಕು ಬಿಡಿಸಿ. ಆರು ವಾರಕ್ಕೊಮ್ಮೆ ಕೆಟ್ಟ ತುದಿ ತೆಗೆಸುತ್ತಾ ಬನ್ನಿ. ತೀರಾ ಹಾಳಾದಾಗ ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು ಹೊಸದಾಗಿ ಶುರುಮಾಡಿದವರೂ ಇದ್ದಾರೆ. ಹರಕೆಯೂ ತೀರಿತು, ಒಂದೇ ಸಮ ಕೂದಲೂ ಬಂತು.

ನೆತ್ತಿಯಿಂದ ಬುಡಸಮೇತ ಉದುರುತ್ತಿದ್ದರೆ, ಬೋಳು ತೇಪೆ ಕಂಡರೆ ಮನೆಮದ್ದು ಬಿಟ್ಟು ಚರ್ಮದ ಡಾಕ್ಟರನ್ನೇ ನೋಡಿ.

ಹಂತ 9: ದುಡ್ಡು ವಾಪಸ್ ಕೇಳುವುದು

ಬಿಲ್ ಇಲ್ಲದೇ ಏನೂ ಇಲ್ಲ. ಫೋನ್‌ಪೇ, ಗೂಗಲ್‌ಪೇ ಮಾಡಿದ ದಾಖಲೆಯೂ ಆಗುತ್ತದೆ, ಆದರೆ ಯಾವ ಸೇವೆಗೆ ಅಂತ ಬರೆದ ಬಿಲ್ ಇನ್ನೂ ಗಟ್ಟಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಕೊರತೆ ಇರುವ ಸೇವೆಗೆ ಪಡೆದ ದುಡ್ಡನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಮಾಡಲು ಒಪ್ಪದಿರುವುದೂ ಅದೇ ಪಟ್ಟಿಯಲ್ಲಿದೆ. ಬಿಲ್ ಮೇಲೆ "ಹಣ ವಾಪಸ್ ಇಲ್ಲ" ಅಂತ ಅಚ್ಚು ಹಾಕಿದರೆ ನಿಮ್ಮ ಹಕ್ಕು ಹೋಗುವುದಿಲ್ಲ.

ಜಿಎಸ್‌ಟಿ ಸಾಲನ್ನೂ ನೋಡಿ. ಸಲೂನ್, ಪಾರ್ಲರ್ ಸೇವೆಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ರಿಂದ 5ಕ್ಕೆ ಇಳಿದಿದೆ. ವರ್ಷಕ್ಕೆ 20 ಲಕ್ಷ ವಹಿವಾಟು ದಾಟದೆ ನೋಂದಣಿ ಮಾಡಿಸದ ಅಂಗಡಿ ಜಿಎಸ್‌ಟಿ ತೆಗೆದುಕೊಳ್ಳುವ ಹಾಗೇ ಇಲ್ಲ. ತೆರಿಗೆ ತೆಗೆದುಕೊಳ್ಳುವ ಅಂಗಡಿಯಾದರೆ ಬಿಲ್ ಮೇಲೆ 15 ಅಕ್ಷರಗಳ ಜಿಎಸ್‌ಟಿ ನಂಬರ್ ಇರಬೇಕು, ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ.

ಹತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟುವ ಪ್ಯಾಕೇಜ್ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ನಮ್ಮ ಮನೆಯಲ್ಲೇ ಒಬ್ಬರು ಹಾಗೆ ಕಟ್ಟಿ, ಮೂರನೇ ಸಲ ಹೋದಾಗ ಅಂಗಡಿಗೆ ಬೀಗ ಬಿದ್ದಿತ್ತು. ಆ ದುಡ್ಡು ಇನ್ನೂ ಬಂದಿಲ್ಲ.

ಕೇಳುವಾಗ ಏನು ಬೇಕು ಅಂತ ನೀವೇ ತೀರ್ಮಾನ ಮಾಡಿಕೊಂಡು ಹೋಗಿ. ಪೂರ್ತಿ ದುಡ್ಡಾ, ಅರ್ಧವಾ, ಬೇರೆಯವರ ಕೈಯಲ್ಲಿ ಉಚಿತವಾಗಿ ಸರಿ ಮಾಡಿಸುವುದಾ, ಡಾಕ್ಟರ್ ಖರ್ಚಾ. ಮಾಲೀಕರ ಜೊತೆ ಮಾತಾಡಿ. ಗಿರಾಕಿ ಕಮ್ಮಿ ಇರುವ ಹೊತ್ತಲ್ಲಿ ಹೋಗಿ. ಬೇರೆಯವರ ಎದುರು ಕೂಗಾಡಿದರೆ ಅವರೂ ಮಾನ ಉಳಿಸಿಕೊಳ್ಳಲು ಜಗಳಕ್ಕೆ ನಿಲ್ಲುತ್ತಾರೆ.

ಹಂತ 10: ದೂರು

ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ಮೈಸೂರಿನಲ್ಲಿ ಮೈಸೂರು ಗ್ರಾಹಕರ ಪರಿಷತ್ತು ಅನ್ನುವ ಹಳೆಯ ನಾಗರಿಕ ಸಂಸ್ಥೆ ಇದೆ, ಅಲ್ಲಿ ಸಲಹೆ ಕೇಳಬಹುದು. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಘಟನೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಗ್ರಾಹಕ ದೂರುಗಳಿಗಾಗಿ ಸರ್ಕಾರ ನಡೆಸುವ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೂ ಸಲ್ಲಿಸಬಹುದು. ಹೊಸ ಕಾಯ್ದೆಯಲ್ಲಿ ನೀವು ವಾಸ ಇರುವ ಊರಲ್ಲೇ ದೂರು ಕೊಡಬಹುದು. ಬೆಂಗಳೂರಿನ ಸಲೂನ್‌ನಲ್ಲಿ ಕೂದಲು ಕೆಟ್ಟರೂ ಮಂಡ್ಯದವರು ಮಂಡ್ಯದ ಆಯೋಗಕ್ಕೇ ಹೋಗಬಹುದು.

ಎಷ್ಟು ಪರಿಹಾರ ಕೇಳಬೇಕು? ದೆಹಲಿಯ ಪ್ರಕರಣವೊಂದು ಇಲ್ಲಿ ಪಾಠ. 2018ರಲ್ಲಿ ಅಲ್ಲಿನ ಪಂಚತಾರಾ ಹೋಟೆಲಿನ ಸಲೂನ್‌ನಲ್ಲಿ ಕೂದಲು ತೀರಾ ಗಿಡ್ಡ ಮಾಡಿದರು ಅಂತ ಮಾಡೆಲಿಂಗ್ ಮಾಡುತ್ತಿದ್ದ ಮಹಿಳೆ ದೂರು ಕೊಟ್ಟರು. ರಾಷ್ಟ್ರೀಯ ಗ್ರಾಹಕ ಆಯೋಗ 2021ರಲ್ಲಿ 2 ಕೋಟಿ ರೂಪಾಯಿ ಕೊಡಿಸಲು ಆದೇಶ ಮಾಡಿತು. ಸೇವೆಯಲ್ಲಿ ಕೊರತೆ ಇತ್ತು ಅನ್ನುವುದನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಲಿಲ್ಲ. ಆದರೆ ಅಷ್ಟು ನಷ್ಟ ಆಯಿತು ಅನ್ನಲು ದಾಖಲೆ ಬೇಕು ಅಂತ ಹೇಳಿ ಮೊತ್ತವನ್ನು ರದ್ದು ಮಾಡಿ, ಮತ್ತೆ ವಿಚಾರಣೆಗೆ ಕಳಿಸಿತು. ಹಾಗಾಗಿ ಕೇಳುವ ಪ್ರತಿ ರೂಪಾಯಿಗೂ ಕಾಗದ ಇರಲಿ: ಪಾರ್ಲರ್ ಬಿಲ್, ಡಾಕ್ಟರ್ ಚೀಟಿ, ಔಷಧದ ಬಿಲ್, ಬೇರೆ ಕಡೆ ಸರಿ ಮಾಡಿಸಿದ ಖರ್ಚು, ಮೊದಲಿನ ಮತ್ತು ನಂತರದ ಫೋಟೋ, ವಾಟ್ಸಾಪ್ ಮಾತುಕತೆ. ಉದುರಿದ, ತುಂಡಾದ ಕೂದಲನ್ನು ದಿನಾಂಕ ಬರೆದ ಕವರಿನಲ್ಲಿ ಹಾಕಿಡಿ.

ಗೂಗಲ್‌ನಲ್ಲಿ ರಿವ್ಯೂ ಬರೆಯುವುದಾದರೆ ಮೊದಲು ಸರಿಪಡಿಸಲು ಅವಕಾಶ ಕೊಟ್ಟು ಆಮೇಲೆ ಬರೆಯಿರಿ. ಯಾವ ದಿನ ಹೋದಿರಿ, ಏನು ಕೇಳಿದಿರಿ, ಏನಾಯಿತು, ಕೇಳಿದಾಗ ಏನಂದರು, ಅಷ್ಟೇ. ಕೆಲಸದವರ ಹೆಸರು, ಜಾತಿ, ಊರು ಎತ್ತಬೇಡಿ. "ಮೋಸಗಾರರು" ಅಂತ ಬರೆದರೆ ಮಾನನಷ್ಟದ ನೋಟಿಸ್ ನಿಮಗೇ ಬರಬಹುದು. ಅವರು ಆಮೇಲೆ ಸರಿ ಮಾಡಿಕೊಟ್ಟರೆ ಅದನ್ನೂ ಅದೇ ರಿವ್ಯೂಗೆ ಸೇರಿಸಿ ಬರೆಯಿರಿ. ಮುಂದೆ ಆ ಬಾಗಿಲು ತಟ್ಟುವವರಿಗೆ ಎರಡೂ ಗೊತ್ತಿರಬೇಕು.